ಓಡುವ ಮಗಳಿಗೆ ಒಪ್ಪುವ ಕಾಲೇಜು

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಮೇಲೆ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: ಮುಂದೆ ಯಾವ ಕಾಲೇಜು? ಓದಿನಲ್ಲಿ ಮುಂದಾದ ಮಕ್ಕಳ ವಿಷಯದಲ್ಲಿ ಉತ್ತರ ಹೇಳುವವರು ಬೀದಿಗೆ ಹತ್ತು ಮಂದಿ ದೊರೆಯುತ್ತಾರೆ. ಆಟದಲ್ಲಿ ಮುಂದಾದ ಮಕ್ಕಳ ವಿಷಯದಲ್ಲಿ ಹಾಗಲ್ಲ. ಹಳೇಬೀಡಿನ ಕಡೆಯ ಗೃಹಸ್ಥರೊಬ್ಬರು ನಮಗೆ ಬರೆದ ಕಾಗದದಲ್ಲಿ ಈ ಕಷ್ಟವನ್ನೇ ತೋಡಿಕೊಂಡಿದ್ದಾರೆ. ಅವರ ಮಗಳು 400 ಮೀಟರ್ ಓಟದಲ್ಲಿ ರಾಜ್ಯಮಟ್ಟದವರೆಗೆ ಹೋದವಳು. ದೂರದ ಕಾಲೇಜೊಂದು ಶುಲ್ಕ, ಊಟ, ವಸತಿಗಳನ್ನು ಉಚಿತವಾಗಿ ಕೊಡುವೆವೆನ್ನುತ್ತದೆ. ಬೇಲೂರಿನ ಸರ್ಕಾರಿ ಕಾಲೇಜಿಗಾದರೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದು. ಮಗಳ ಕಾಲನ್ನು ನಂಬಬೇಕೋ, ತಲೆಯನ್ನು ನಂಬಬೇಕೋ ಎಂಬುದು ಅವರ ಸಂದೇಹ.

ಯೋಗಕ್ಷೇಮಕ್ಕೆ ಬರೆಯುತ್ತಿರಿ ಎಂದು ಕಾಗದದ ಕೊನೆಗೆ ನಾವೆಲ್ಲರೂ ಬರೆಯುವುದುಂಟು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಕಾಲೇಜುಗಳ ಪ್ರಕಟಣೆಗಳಲ್ಲಿರುವುದೆಲ್ಲ ಯೋಗದ ಮಾತು: ಪದಕಗಳು, ಮೈದಾನಗಳು, ತರಬೇತುದಾರರು. ಕ್ಷೇಮದ ಮಾತನ್ನು ತಂದೆತಾಯಿಗಳೇ ಕೇಳಿ ತಿಳಿಯಬೇಕು.

ಯೋಗವು ಅಲ್ಪವಾದುದೆಂದು ನಮ್ಮ ಅಭಿಪ್ರಾಯವಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸಿ ಹೆಸರಾಗಿದೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಜೈನ್ ವಿಶ್ವವಿದ್ಯಾಲಯವು ಅಗ್ರಸ್ಥಾನ ಪಡೆಯಿತು. ತನಗಿಂತ ವೇಗವಾಗಿ ಓಡುವವರ ಜೊತೆಯಲ್ಲಿ ದಿನವೂ ಓಡಿದ ಹೊರತು ಓಟವು ಬೆಳೆಯದು. ಆದರೆ ಸಣ್ಣ ಕಾಲೇಜಿಗೆ ಸೇರಿದರೆ ಬಾಗಿಲು ಮುಚ್ಚಿತೆಂದು ತಿಳಿಯುವುದೂ ತಪ್ಪು. ಅಂತರ ಕಾಲೇಜು ಸ್ಪರ್ಧೆಯಲ್ಲಿ ಗೆದ್ದವರು ಯಾವ ಊರಿನ ಕಾಲೇಜಿನವರಾದರೂ ವಿಶ್ವವಿದ್ಯಾಲಯದ ತಂಡಕ್ಕೆ ಸೇರಬಹುದು. ಅಲ್ಲಿ ಕಾಡುವುದು ಬೇರೆಯ ತೊಡಕು. ಬೆಳಗಿನ ಅಭ್ಯಾಸವನ್ನು ನೋಡಿ ತಿದ್ದುವವರು ಯಾರು? ಹಾಸನದ ಜಿಲ್ಲಾ ಕ್ರೀಡಾಂಗಣಕ್ಕೆ ಹಳೇಬೀಡಿನಿಂದ ಸುಮಾರು 30 ಕಿಲೋಮೀಟರ್. ದಿನವೂ ಹೋಗಿ, ಮರಳಿ ಬಂದು ತರಗತಿಯಲ್ಲಿ ಕೂರುವುದು ಸುಲಭವಲ್ಲ.

ಇನ್ನು ಕ್ಷೇಮ. ಅರಸೀಕೆರೆಯ ನೆಲಕ್ಕೆ ಸಂಬಂಧಪಟ್ಟ ಇಬ್ಬರು ವೇಗದ ಬೌಲರುಗಳು ಭಾರತದ ಪರವಾಗಿ ಟೆಸ್ಟ್ ಆಡಿದರು. ಅರಸೀಕೆರೆಯಲ್ಲಿ 1971ರಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ನರಿಗೆ 1996ರಲ್ಲಿ ದೊರೆತದ್ದು ಎರಡೇ ಟೆಸ್ಟ್. ಅದೇ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಶ್ರೀನಾಥರು 67 ಟೆಸ್ಟುಗಳಲ್ಲಿ 236 ವಿಕೆಟ್ ಪಡೆದರು. ಒಬ್ಬರನ್ನು ಇನ್ನೊಬ್ಬರೊಡನೆ ತೂಗುವುದು ನಮ್ಮ ಉದ್ದೇಶವಲ್ಲ. ದೇಶದ ತಂಡವನ್ನು ಮುಟ್ಟಿದವರಿಗೂ ಕಾಲಾವಧಿಯ ಭರವಸೆಯಿಲ್ಲವೆಂಬುದಷ್ಟೇ ಗಮನಿಸತಕ್ಕ ಸಂಗತಿ. ಶ್ರೀನಾಥರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಪದವಿ ಪಡೆದವರೆಂಬುದನ್ನೂ ಇಲ್ಲಿಯೇ ನೆನೆಯಬೇಕು.

ಆದುದರಿಂದ ಕಾಲೇಜಿಗೆ ಹೋದಾಗ ಮೊದಲು ಕೇಳತಕ್ಕ ಪ್ರಶ್ನೆ ಇದು: ಮಗಳ ಮೊಣಕಾಲು ಎರಡನೆಯ ವರ್ಷದಲ್ಲಿ ಕೈಕೊಟ್ಟರೆ ಉಚಿತ ಶಿಕ್ಷಣವು ನಿಲ್ಲುವುದೋ, ಪದವಿಯವರೆಗೆ ನಡೆಯುವುದೋ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ಉಚಿತವು ನಡುನೀರಿನಲ್ಲಿ ಕೈಬಿಟ್ಟರೆ, ಉಳಿದ ಶುಲ್ಕಕ್ಕಾಗಿ ತೆಂಗಿನ ತೋಟವನ್ನು ಅಡವಿಡಬೇಕಾದೀತು. ಎರಡನೆಯದಾಗಿ, ಸಾಮಾನ್ಯವಾಗಿ ಶೇಕಡ 75ರ ಹಾಜರಿ ಬೇಕು. ಪಂದ್ಯಕ್ಕೆ ಹೋದ ದಿನಗಳ ಹಾಜರಿಯನ್ನು ಕೊಡುವರೋ, ತಪ್ಪಿದ ಪಾಠವನ್ನು ಮರಳಿ ಹೇಳುವರೋ? ಮೂರನೆಯದಾಗಿ, ಅವಳು ಬಯಸಿದ ವಿಷಯವನ್ನೇ ಓದಗೊಡುವರೋ, ಅಥವಾ ಆಟಕ್ಕೆ ಅನುಕೂಲವೆಂದು ಸುಲಭವಾದ ವಿಷಯಕ್ಕೆ ತಳ್ಳುವರೋ? ಹೆಣ್ಣುಮಗಳಾದುದರಿಂದ ಇನ್ನೊಂದು: ಯು.ಜಿ.ಸಿ.ಯ 2015ರ ನಿಯಮದಂತೆ ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಇರತಕ್ಕದ್ದು. ಅದರಲ್ಲಿ ಯಾರಿದ್ದಾರೆ, ಅವರನ್ನು ಕಾಣುವುದು ಹೇಗೆ ಎಂಬುದನ್ನು ಮಗಳ ಎದುರಿಗೇ ವಿಚಾರಿಸಿರಿ. ಕೇಳಲು ಸಂಕೋಚವೇಕೆ? ಹಸುವನ್ನು ಕೊಳ್ಳುವಾಗ ಇದಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ನಾವು ಕೇಳುವುದಿಲ್ಲವೆ?

ನಮ್ಮ ಸಲಹೆಯನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಮೊದಲ ಪ್ರಶ್ನೆಗೆ ಬರವಣಿಗೆಯ ಉತ್ತರವು ಸಿಕ್ಕಿ, ಉಳಿದವುಗಳಿಗೂ ಸಮಾಧಾನ ದೊರೆತರೆ ದೂರದ ಕಾಲೇಜಿಗೇ ಕಳುಹಿಸಿರಿ. ಓಟದ ವಯಸ್ಸು ಕಾಯುವುದಿಲ್ಲ, ಹೆಣ್ಣುಮಗಳೆಂಬ ಕಾರಣದಿಂದ ತಡೆಯುವುದು ನ್ಯಾಯವಲ್ಲ. ಸಿಗದಿದ್ದರೆ ಬೇಲೂರಿನಲ್ಲಿಯೇ ಓದಲಿ. ರಜಾದಿನಗಳಲ್ಲಾದರೂ ಹಾಸನದಲ್ಲಿ ಅಭ್ಯಾಸ ಮಾಡಲಿ. ಅಂತರ ಕಾಲೇಜು ಸ್ಪರ್ಧೆಯನ್ನು ಮಾತ್ರ ಒಂದನ್ನೂ ತಪ್ಪಿಸದಿರಲಿ. ಎರಡರಲ್ಲಿ ಯಾವುದನ್ನು ಆರಿಸಿದರೂ ಅವಳ ಪ್ರಮಾಣಪತ್ರಗಳನ್ನೆಲ್ಲ ಜೋಪಾನವಾಗಿಡಿರಿ. ಕ್ರೀಡಾ ಮೀಸಲಾತಿಗೆ ಮುಂದೆ ಅವೇ ಆಧಾರ.

ಕಡೆಯದೊಂದು ಮಾತು. ಪದಕ ಗೆದ್ದ ವಿದ್ಯಾರ್ಥಿನಿಯನ್ನು ಕಾಲೇಜಿನವರೇ ಕರೆತಂದು ತೋರಿಸುತ್ತಾರೆ. ಕಾಲುನೋವಿನಿಂದ ಆಟ ಬಿಟ್ಟವಳು ಅಲ್ಲಿ ಒಬ್ಬಳಾದರೂ ಇದ್ದಾಳು. ಅವಳನ್ನು ನೀವೇ ಹುಡುಕಿ ಮಾತನಾಡಿಸಬೇಕು. ಆಕೆ ಇನ್ನೂ ಅಲ್ಲಿಯೇ ನೆಮ್ಮದಿಯಿಂದ ಓದುತ್ತಿದ್ದರೆ, ಅದು ನಿಮ್ಮ ಮಗಳಿಗೆ ತಕ್ಕ ಕಾಲೇಜು.