ಪೋರ್ಟ್ ನಂಬರ್ ಬದಲಾಯಿಸಿಬಿಟ್ರೆ ಮುಗೀತಾ?

ಪ್ರಾಜೆಕ್ಟ್ ಡೆಮೊ ಹತ್ತಿರ ಬಂತೆಂದರೆ ಮೂಡಲಪಾಳ್ಯದ ಪಿ.ಜಿ. ರೂಮುಗಳಲ್ಲಿ ರಾತ್ರಿಯೆಲ್ಲ ಲೈಟು ಉರಿಯುತ್ತದೆ. ಚಾಟ್ ಆ್ಯಪ್, ಲೈವ್ ಸ್ಕೋರ್‌ಬೋರ್ಡ್, ಬಸ್ ಟ್ರ್ಯಾಕರ್ ಅಂತ ರಿಯಲ್ ಟೈಮ್ ಪ್ರಾಜೆಕ್ಟು ಮಾಡುವ ತಂಡಗಳಿಗೆ ಒಂದಲ್ಲ ಒಂದು ಸಲ ಈ ಸಾಲು ಕಂಡೇ ಕಾಣುತ್ತದೆ: ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’. ಅಂದರೆ ನಾವು ಕೇಳಿದ ಪೋರ್ಟನ್ನು ಆಗಲೇ ಯಾರೋ ಹಿಡಿದು ಕೂತಿದ್ದಾರೆ. ಇದಕ್ಕೆ ಕ್ಯಾಂಪಸ್ಸಿನಲ್ಲಿ ಎಲ್ಲರೂ ಹೇಳುವ ಮದ್ದು ಒಂದೇ: 3000 ಇದ್ದದ್ದನ್ನು 3001 ಮಾಡು, ನಡಿ. ಈ ಮದ್ದಿನಿಂದ ರೋಗ ವಾಸಿಯಾಗಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಐಪಿ ವಿಳಾಸ ಒಂದು ಕಟ್ಟಡವಾದರೆ ಪೋರ್ಟ್ ಅದರೊಳಗಿನ ಮನೆ ನಂಬರು. ಕ್ರಾಸು, ಮೇನು ಎಲ್ಲ ಹೇಳಿದ ಮೇಲೂ ಡೆಲಿವರಿಯವರು ಎಷ್ಟನೇ ಮಹಡಿ, ಯಾವ ಬಾಗಿಲು ಅಂತ ಕೇಳ್ತಾರಲ್ಲ, ಹಾಗೆ. ಪೋರ್ಟ್ ಸಂಖ್ಯೆ 16 ಬಿಟ್‌ನದು, 65535ರವರೆಗೂ ಬಾಗಿಲುಗಳಿವೆ. ಇಷ್ಟಿರುವಾಗ ಪಕ್ಕದ ಬಾಗಿಲಿಗೆ ಹೋದರೆ ಯಾರ ಗಂಟು ಹೋಗುತ್ತೆ ಅಂತ ನೀವು ಕೇಳಬಹುದು. ರಿಯಲ್ ಟೈಮ್ ಸರ್ವರ್ ಆದರೆ ನಿಮ್ಮ ಗಂಟೇ ಹೋಗುತ್ತೆ.

ವೆಬ್‌ಸಾಕೆಟ್ ಒಮ್ಮೆ ಜೋಡಣೆಯಾದರೆ ಸಂಪರ್ಕ ತೆರೆದೇ ಇರುತ್ತದೆ. ನಿನ್ನೆ ಶುರು ಮಾಡಿದ ಸರ್ವರ್ 3000ರಲ್ಲಿ ಹಿನ್ನೆಲೆಯಲ್ಲಿ ಓಡುತ್ತಲೇ ಇದೆ, ಹೊಸದನ್ನು 3001ರಲ್ಲಿ ಶುರು ಮಾಡಿದಿರಿ ಅನ್ನಿ. ಮೊಬೈಲಿನಲ್ಲಿ ತೆರೆದಿಟ್ಟ ಪೇಜು ಹಳೇ ಸರ್ವರ್ ಜೊತೆಗೇ ಮಾತಾಡ್ತಿರುತ್ತೆ. ಒಬ್ಬರ ಮೆಸೇಜು ಇನ್ನೊಬ್ಬರಿಗೆ ತಲುಪಲ್ಲ. ಕೋಡ್ ಎಷ್ಟು ತಿದ್ದಿದರೂ ಆ ಪರದೆಯಲ್ಲಿ ಬದಲಾವಣೆ ಇಲ್ಲ. ಎರಡೂ ಸರ್ವರ್ ಒಂದೇ ಡೇಟಾಬೇಸಿಗೆ ಬರೀತಿದ್ರಂತೂ ಕೇಳೋದೇ ಬೇಡ. ಎರರ್ ಮಾಯವಾಗಿದೆ, ತಪ್ಪು ಹಾಗೇ ಇದೆ.

ಸಾಕೆಟ್‌ ಐಒ ಬಳಸುವವರ ಕಥೆ ಇನ್ನೊಂಥರ. ಎಕ್ಸ್‌ಪ್ರೆಸ್ ಆ್ಯಪ್ ಇಟ್ಟುಕೊಂಡು ಎಚ್‌ಟಿಟಿಪಿ ಸರ್ವರ್ ಮಾಡಿ, ಅದಕ್ಕೆ ಸಾಕೆಟ್‌ ಐಒ ಜೋಡಿಸಿ, ಆ ಸರ್ವರಿಗೆ ಮಾತ್ರ ‘ಲಿಸನ್’ ಹೇಳಬೇಕು. ಆ್ಯಪ್‌ನ ಹಳೇ ‘ಲಿಸನ್’ ಸಾಲೂ ಉಳಿದಿದ್ದರೆ ಒಂದೇ ಪ್ರೋಗ್ರಾಮು ಒಂದೇ ಬಾಗಿಲನ್ನು ಎರಡು ಸಲ ಕೇಳಿದಂತೆ. ಇದು ಪಕ್ಕದವರ ಜೊತೆ ಜಗಳ ಅಲ್ಲ, ಮನೆಯೊಳಗಿನ ಜಗಳ. ಸರ್ವರಿನದನ್ನು 3001 ಮಾಡಿದರೆ 3000ರಲ್ಲಿ ಪೇಜು ಬರುತ್ತೆ, ಚಾಟಿಗೆ ಮಾತ್ರ 404. ಒಂದು ಸಾಲು ಅಳಿಸಿದ್ದರೆ ಮುಗೀತಿತ್ತು.

ಹಾಗಾದ್ರೆ ಏನ್ ಮಾಡೋದು? ಬಾಗಿಲು ಬದಲಾಯಿಸೋ ಮುಂಚೆ ಒಳಗೆ ಯಾರಿದ್ದಾರೆ ಅಂತ ಕೇಳಿ. ಲಿನಕ್ಸ್‌ನಲ್ಲಿ ‘ಎಸ್‌ಎಸ್’, ಮ್ಯಾಕ್‌ನಲ್ಲಿ ‘ಎಲ್‌ಎಸ್‌ಒಎಫ್’, ವಿಂಡೋಸ್‌ನಲ್ಲಿ ‘ನೆಟ್‌ಸ್ಟ್ಯಾಟ್’ ಕಮಾಂಡು ಆ ಪ್ರೊಸೆಸ್ಸಿನ ಐಡಿ ಹೇಳುತ್ತವೆ. ಕಂಟ್ರೋಲ್ ಸಿ ಬದಲು ಕಂಟ್ರೋಲ್ ಝಡ್ ಒತ್ತಿದ್ದರೆ ಸರ್ವರ್ ಸತ್ತಿಲ್ಲ, ಮಲಗಿದೆ ಅಷ್ಟೇ, ಪೋರ್ಟನ್ನು ಬಿಟ್ಟಿರಲ್ಲ. ಮ್ಯಾಕ್‌ನಲ್ಲಿ ಫ್ಲಾಸ್ಕ್‌ಗೆ 5000 ಸಿಗದಿದ್ದರೆ ಅಲ್ಲಿ ಏರ್‌ಪ್ಲೇ ರಿಸೀವರ್ ಕೂತಿರಬಹುದು. 2021ರ ಮಾಂಟೆರೇ ಆವೃತ್ತಿಯಿಂದ ಹೀಗಿದೆ. ಇಂಥ ಕಡೆ ನಂಬರು ಬದಲಿಸುವುದರಲ್ಲಿ ತಪ್ಪಿಲ್ಲ, ಕ್ಲೈಂಟ್ ಕೋಡಿನಲ್ಲೂ ಬದಲಿಸಿದರೆ ಸಾಕು.

ಇನ್ನು ‘ಕಿಲ್ ಮೈನಸ್ 9’ ಶೂರರಿಗೆ ಒಂದು ಮಾತು. ಎಲ್ಲರೂ ಒಂದೇ ಲಾಗಿನ್ ಬಳಸುವ ಲ್ಯಾಬ್ ಮಷೀನಿನಲ್ಲಿ ಆ ಪ್ರೊಸೆಸ್ಸು ಇನ್ನೊಂದು ತಂಡದ್ದಾಗಿರಬಹುದು. ಅದೂ ಅಲ್ಲದೆ 9 ಹೊಡೆದರೆ ಸರ್ವರಿಗೆ ಸಂಪರ್ಕಗಳನ್ನು ಸರಿಯಾಗಿ ಮುಚ್ಚಲು, ಬಾಕಿ ಡೇಟಾ ಉಳಿಸಲು ಒಂದು ಕ್ಷಣವೂ ಸಿಗಲ್ಲ. ಮೊದಲು ಯಾರದು ಅಂತ ನೋಡಿ, ಕೇಳಿ. ನಿಮ್ಮದೇ ಆದರೆ ಬರೀ ‘ಕಿಲ್’ ಹೇಳಿ. ಅದಕ್ಕೂ ಜಗ್ಗದಿದ್ದರೆ ಆಗ 9.

ನಾಳೆ ಕೆಲಸಕ್ಕೆ ಸೇರಿದಾಗ 443ರಲ್ಲಿ ಓಡುವ ಸೈಟು ಏಳಲಿಲ್ಲ ಅಂತ 444ಕ್ಕೆ ಹಾಕೋಕಾಗಲ್ಲ. ಜನರ ಬ್ರೌಸರು ಬಂದು ತಟ್ಟೋದು ಆ ಒಂದೇ ಬಾಗಿಲನ್ನು. ಆಗ ಬೇಕಾಗೋದು ಕಾರಣ ಹುಡುಕುವ ಅಭ್ಯಾಸ. ಅದನ್ನು ಕಲಿಯೋಕೆ ಕಾಲೇಜಿಗಿಂತ ಅಗ್ಗದ ಜಾಗ ಇನ್ನೊಂದಿಲ್ಲ. ಇಲ್ಲಿ ಸರ್ವರ್ ಬಿದ್ದರೆ ಹೋಗೋದು ಹೆಚ್ಚೆಂದರೆ ನಾಲ್ಕು ಇಂಟರ್ನಲ್ಸ್ ಮಾರ್ಕು.