ಸಿನಿಮಾ ಮುಗಿದ ಮೇಲೂ ಬಸ್ ಇರಬೇಕು

ರಾಜ್ಯೋತ್ಸವದ ವಾರ ನಮ್ಮ ಕಾಲೇಜಿನಲ್ಲಿ ‘ಗುಲಾಬಿ ಟಾಕೀಸ್’ ತೋರಿಸಿದ್ದು ನಿಮಗೆ ನೆನಪಿರಬಹುದು. ನಾನು ನೋಡಿದ್ದು ಮುಕ್ಕಾಲು ಸಿನಿಮಾ. ಭಾಷಣ, ಸನ್ಮಾನ, ಪ್ರೊಜೆಕ್ಟರ್ ವೈರಿನ ಹುಡುಕಾಟ ಎಲ್ಲ ಮುಗಿದು ಸಿನಿಮಾ ಶುರುವಾಗುವಾಗ ಮೂರೂವರೆ. ಐದು ಗಂಟೆಗೆ ಗುಬ್ಬಿ ಕಡೆಯವರು, ಸಿ.ಎಸ್. ಪುರ ಕಡೆಯವರು ಬ್ಯಾಗ್ ಎತ್ತಿಕೊಂಡು ಎದ್ದೆವು. ಎದ್ದವರಲ್ಲಿ ಹೆಚ್ಚಿನವರು ಹುಡುಗಿಯರು. ಆಮೇಲೆ ‘ಸಂವಾದ’ ನಡೆಯಿತಂತೆ. ನಾಲ್ಕೈದು ಹುಡುಗರು ಮಾತಾಡಿದರಂತೆ.

ಇದರಲ್ಲಿ ನನಗೆ ಬೇಜಾರಾಗಿದ್ದಕ್ಕೆ ಕಾರಣವಿದೆ. ವೈದೇಹಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ 2008ರಲ್ಲಿ ಮಾಡಿದ ಈ ಸಿನಿಮಾ ಕರಾವಳಿಯ ಸೂಲಗಿತ್ತಿ ಗುಲಾಬಿಯದು. ಸಿನಿಮಾ ಹುಚ್ಚಿನ ಅವಳಿಗೆ ಹೆರಿಗೆ ಮಾಡಿಸಿದ್ದಕ್ಕೆ ಕಲರ್ ಟಿವಿ ಸಿಗುತ್ತದೆ. ಗಂಡಸರು ಮೀನಿಗೆ ಹೋದಾಗ ಊರಿನ ಹೆಂಗಸರು ಅವಳ ಮನೆಗೆ ಬಂದು ಟಿವಿ ನೋಡುತ್ತಾರೆ. ಅವಳು ಮುಸ್ಲಿಂ ಎಂದು ಕೆಲವರು ಬರುವುದೇ ಇಲ್ಲ, ಕೆಲವರು ಹೊರಗೇ ನಿಂತು ನೋಡುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಊರೇ ಬದಲಾಗುತ್ತದೆ, ಕೊನೆಗೆ ಅವಳನ್ನು ಅಲ್ಲಿಂದ ಕಳಿಸಿಬಿಡುತ್ತಾರೆ. ಗುಲಾಬಿ ಪಾತ್ರಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೆಂಗಸರು ಒಟ್ಟಿಗೆ ಕೂತು ನೋಡುವುದರ ಬಗ್ಗೆಯೇ ಇರುವ ಸಿನಿಮಾದಿಂದ ಹುಡುಗಿಯರೇ ಮೊದಲು ಎದ್ದು ಹೋಗಬೇಕಾಯಿತು!

ಕಡಬದಲ್ಲೇ ಮನೆ ಇರುವ ನನ್ನ ಗೆಳತಿ ಕೊನೆತನಕ ಕೂತಿದ್ದಳು. ಮರುದಿನ ಕೇಳಿದೆ, ನೀನ್ಯಾಕೆ ಏನೂ ಹೇಳಲಿಲ್ಲ ಅಂತ. “ಗುಲಾಬಿನ ಓಡಿಸಿದ್ದು ನಮ್ಮವರ ಥರದ ಜನ ಅಲ್ವೇನೇ, ಈ ಕಾಲೇಜಲ್ಲಿ ನಾನೇನು ಹೇಳಲಿ?” ಅಂದಳು. ನಾನಿದ್ದಿದ್ದರೂ ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಗುಲಾಬಿಯನ್ನು ಬಿಟ್ಟು ಹೋದ ಗಂಡ ಮೂಸಾ ನಮ್ಮವನಲ್ಲವೇ? ಈ ಎರಡು ಮಾತೂ ವೇದಿಕೆ ಮೇಲಿನ ಮೈಕಿನಲ್ಲಿ ಬರುವಂಥವಲ್ಲ.

ಯಹೂದಿಗಳ ಹನುಕ್ಕಾ ಹಬ್ಬದ ಬಗ್ಗೆ ಈಚೆಗೆ ಓದಿದೆ. ಎಂಟು ಸಂಜೆ, ದಿನಕ್ಕೊಂದು ದೀಪ ಹೆಚ್ಚು ಹಚ್ಚುತ್ತಾರೆ. ನಾಲ್ಕು ಮುಖದ ಬುಗುರಿ ತಿರುಗಿಸಿ ಆಡುತ್ತಾರೆ. ಬಿದ್ದ ಅಕ್ಷರ ನೋಡಿ ರಾಶಿಯಿಂದ ತೆಗೆದುಕೊಳ್ಳಬೇಕು ಅಥವಾ ಹಾಕಬೇಕು. ಈ ಹಬ್ಬಕ್ಕೆ ಆಟ, ಸಿನಿಮಾ, ಮಾತು ಮೂರನ್ನೂ ಒಂದೇ ಸಂಜೆಗೆ ಇಟ್ಟುಕೊಳ್ಳುವವರೂ ಇದ್ದಾರೆ. ಆಟ ಮೊದಲು ಇರುವುದು ನನಗೆ ಹಿಡಿಸಿತು. ಜೊತೆಗೆ ಆಡಿ ನಕ್ಕವರ ಮುಂದೆ ಮಾತಾಡುವುದಕ್ಕೆ ಅಷ್ಟು ಭಯವಾಗುವುದಿಲ್ಲ.

ನಮ್ಮಲ್ಲಿ ಚೌಕಾಬಾರ ಇದೆಯಲ್ಲ. ಒಂದು ಮನೆಗೆ ನಾಲ್ಕು ಜನ, ಕಾಮರ್ಸ್, ಆರ್ಟ್ಸ್, ಸೈನ್ಸ್ ಬೆರೆಸಿ ಕೂರಿಸೋಣ. ಆಡಿದ ನಾಲ್ವರೇ ಸಿನಿಮಾ ಆದಮೇಲೆ ಒಟ್ಟಿಗೆ ಮಾತಾಡಲಿ. ಮೈಕ್ ಬೇಡ, ಮುಖ್ಯ ಅತಿಥಿ ಬೇಡ (ಶಾಲು, ಹಾರದ ಖರ್ಚೂ ಉಳಿಯಿತು). ಶನಿವಾರ ತರಗತಿ ಬೇಗ ಮುಗಿಯುತ್ತದೆ. ಜೊಹರ್ ನಮಾಜಿಗೆ ಮೊದಲು ಆಟ, ಎರಡಕ್ಕೆ ಸಿನಿಮಾ, ನಾಲ್ಕಕ್ಕೆ ಮಾತು, ಐದಕ್ಕೆ ಬಸ್.

ಕಾಲೇಜಿನಲ್ಲಿ ಸಿನಿಮಾ ಯಾಕೆ ಎನ್ನುವ ಹಿರಿಯರೂ ಇದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೆ: ಹೇಗೂ ನಾವು ಮೊಬೈಲಿನಲ್ಲಿ ಒಬ್ಬೊಬ್ಬರೇ ನೋಡುತ್ತಿದ್ದೇವೆ. ಅದಕ್ಕಿಂತ ಮೇಷ್ಟ್ರು, ಮೇಡಂ ಇರುವ ಕಡೆ ನಾಲ್ಕು ಜನರ ಜೊತೆ ನೋಡುವುದು ವಾಸಿಯಲ್ಲವೇ?

ಪ್ರಿನ್ಸಿಪಾಲರು ಒಪ್ಪಿದರೆ ಹುಣಸೆ ಬೀಜ ನಾನು ತರುತ್ತೇನೆ. ಅಮ್ಮಿಗೆ ಗುಲಾಬಿಯ ಕಥೆಯನ್ನು ನೋಡಿದಷ್ಟು ಹೇಳಿದೆ. ಆಮೇಲೇನಾಯಿತು ಅಂತ ಎರಡು ಸಲ ಕೇಳಿದರು. ತರಕಾರಿ ಹೆಚ್ಚುತ್ತಾ, ಇನ್ನೊಂದು ಸಲ ಹಾಕಿದರೆ ತಾಯಂದಿರನ್ನೂ ಬಿಡುತ್ತಾರಾ ಅಂದರು.