ನೀರಿಗೆ ಹಸಿದ ಉಪ್ಪು

"ಸಾರ್, ಉಪ್ಪು ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದಲ್ಲ, ಅದನ್ನೇ ಹುರಿದು ಸೂಕ್ಷ್ಮದರ್ಶಕದ ಪೆಟ್ಟಿಗೆಯಲ್ಲಿಟ್ಟರೆ ಸಾಲದೇ?"

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ನನ್ನ ಹಳೆಯ ತಪ್ಪೊಂದನ್ನು ತರಗತಿಯಲ್ಲಿ ಹೇಳಿಕೊಂಡಿದ್ದೆ. ಒಂದು ವರ್ಷ ಜೂನ್‌ನಲ್ಲಿ ಮುಚ್ಚಿಟ್ಟ ಸೂಕ್ಷ್ಮದರ್ಶಕವನ್ನು ದಸರಾ ರಜೆಯ ನಂತರ ತೆರೆದರೆ, ಮಸೂರದ ಮೇಲೆಲ್ಲ ಜೇಡರ ಬಲೆಯಂತೆ ಬೂಷ್ಟು. ಶಾಲೆಗಿದ್ದುದು ಅದೊಂದೇ. ಆ ವರ್ಷದ ಮಕ್ಕಳು ಈರುಳ್ಳಿ ಪೊರೆಯ ಕೋಶಗಳನ್ನು ಪುಸ್ತಕದ ಚಿತ್ರದಲ್ಲಷ್ಟೇ ನೋಡಿದರು.

ಹುಡುಗಿಯ ಉಪಾಯ ಅರ್ಧ ಸರಿ. ಆದರೆ ಅಡುಗೆ ಉಪ್ಪಿನ ಹರಳಿನ ರಚನೆಯಲ್ಲಿ ನೀರಿಲ್ಲ. ಹುರಿದರೆ ಪಸೆ ಆರುತ್ತದೆ, ಅಷ್ಟೆ. ಗಾಳಿಯ ಆರ್ದ್ರತೆ ಶೇಕಡಾ 75ರ ಆಸುಪಾಸು ತಲುಪುವವರೆಗೆ ಶುದ್ಧ ಉಪ್ಪು ನೀರೊಡೆಯುವುದೂ ಇಲ್ಲ. ಕಲ್ಲುಪ್ಪು ಬೇಗ ನೀರಾಗುವುದು ಅದರಲ್ಲಿ ಬೆರೆತ ಮೆಗ್ನೀಷಿಯಂ ಕ್ಲೋರೈಡಿನಿಂದ.

ನಮಗೆ ಬೇಕಾದದ್ದು ಭೇದಿ ಉಪ್ಪು, ಅಂದರೆ ಎಪ್ಸಮ್ ಲವಣ. ಗೊಬ್ಬರದ ಅಂಗಡಿಯಲ್ಲಿ ಮೆಗ್ನೀಷಿಯಂ ಸಲ್ಫೇಟ್ ಎಂದು ಕೇಳಿದರೂ ಸಿಗುತ್ತದೆ. ಇದರ ಹರಳಿನಲ್ಲಿ ಒಂದೊಂದು ಲವಣದ ಘಟಕಕ್ಕೂ ನೀರಿನ 7 ಅಣುಗಳು ಅಂಟಿಕೊಂಡಿವೆ. ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಬರೀ ನೀರು! ಅದನ್ನು ಓಡಿಸಿದರೆ, ಉಳಿದ ಲವಣ ಗಾಳಿಯ ತೇವವನ್ನು ಎಳೆದುಕೊಳ್ಳಲು ಹವಣಿಸುತ್ತದೆ.

ಅಡುಗೆಗೆ ಬಳಸದ ಹಳೆಯ ಸ್ಟೀಲ್ ಬಾಣಲೆಯಲ್ಲಿ 100 ಗ್ರಾಂ ಹಾಕಿ ಸಣ್ಣ ಉರಿಯಲ್ಲಿಡಿ. ದೊಡ್ಡವರು ಜೊತೆಗಿರಲೇಬೇಕು. ಹರಳು ಮೊದಲು ತನ್ನ ನೀರಿನಲ್ಲಿ ತಾನೇ ಕರಗಿ ಕುದಿಯುತ್ತದೆ, ಸಿಡಿಯುತ್ತದೆ, ಮುಖ ಬಗ್ಗಿಸಬೇಡಿ. ಆಮೇಲೆ ಬಿಳಿ ಹೆಂಟೆಯಾಗುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ತಣಿಸಿ ತೂಗಿ. 56 ಗ್ರಾಂಗೆ ಇಳಿದಿದ್ದರೆ 6 ಅಣು ಹೋದಂತೆ. 60 ಆದರೂ ಸಾಕು. ಕೊನೆಯ ಅಣು ಬಿಡಿಸಲು 250 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವು ಬೇಕು, ಮನೆಯಲ್ಲಿ ಆ ಹಟ ಬೇಡ.

ಪುಡಿಮಾಡಿ ಬಟ್ಟೆಯ ಗಂಟು ಕಟ್ಟಿ, ಬಿತ್ತನೆ ಬೀಜದ ಡಬ್ಬಿಯಲ್ಲೋ ಕ್ಯಾಮೆರಾದ ಜೊತೆಯಲ್ಲೋ ಇಡಿ. ಡಬ್ಬಿಗೆ ಗಾಳಿ ನುಗ್ಗುವಂತಿದ್ದರೆ ಇಡೀ ಮಳೆಗಾಲವನ್ನೇ ಒಣಗಿಸಲು ಹೊರಟಂತಾದೀತು. ತೂಕ ಏರಿದಾಗ ಮತ್ತೆ ಹುರಿಯಿರಿ. ಮೇಲೆ ಚೀಟಿ ಅಂಟಿಸುವುದನ್ನು ಮರೆಯಬೇಡಿ. ಸಕ್ಕರೆಯೆಂದು ಯಾರಾದರೂ ಕಾಫಿಗೆ ಬೆರೆಸಿಕೊಂಡರೆ ಅಂದು ಅವರಿಗೆ ರಜೆಯೇ! ಸುಟ್ಟ ಸುಣ್ಣವನ್ನು ಇದಕ್ಕೆ ಬಳಸುವವರಿದ್ದಾರೆ. ನೀರು ತಗುಲಿದರೆ ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಮಕ್ಕಳ ಕೈಗೆ ಬೇಡ.

ಈಗ ನಮ್ಮ ಸೂಕ್ಷ್ಮದರ್ಶಕ ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದೊಳಗಿದೆ. ಜೊತೆಗೆ ಆ ಹುಡುಗಿ ಹೊಲಿದ ಗಂಟು. ಪ್ರತಿ ಸೋಮವಾರ ತೂಕ ಬರೆಯುವವಳೂ ಅವಳೇ. ಲವಣ 58 ಗ್ರಾಂ ಇದ್ದದ್ದು ಕಳೆದ ವಾರ 71 ಆಗಿತ್ತು.